ಹಕ್ಕಿ ನೋಡಲು ಹೋಗಿ ಬಾಣಂತನ ಗೊತ್ತುಮಾಡಿಕೊಂಡದ್ದು

ತೊಂಬತ್ತರ ದಶಕದ ಆರಂಭ. ಆರು ತಿಂಗಳ ಬಸುರಿಯಾಗಿದ್ದ ನನ್ನನ್ನು ನನ್ನವರು ಹಕ್ಕಿ ತೋರಿಸುತ್ತೇನೆಂದು ಮೆಲ್ಬರ್ನಿನಿಂದ ವಿಮಾನ ಹತ್ತಿಸಿ, ಆಮೇಲೆ ದೋಣಿ ಹತ್ತಿಸಿ, ಕ್ವೀನ್ಸ್‌ಲ್ಯಾಂಡಿನ ಉತ್ತರದ ಒಂದು ಮಳೆಕಾಡಿನ ದ್ವೀಪಕ್ಕೆ ಕರೆದೊಯ್ದರು. ಹಿಂದಿನ ವಾರವಷ್ಟೇ ಗ್ಲೆನ್ ವೇವರ್ಲಿಯ ನಮ್ಮ ಬಾಡಿಗೆ ಮನೆಗೆ ಮೈಸೂರಿನಿಂದ ಅಮ್ಮನ ಕಾಗದ ಬಂದಿತ್ತು. ಅಜ್ಜಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದಾರೆ, ಅವರನ್ನು ಬಿಟ್ಟು ಹೆರಿಗೆಗೆ ಬರಲಾಗುವುದಿಲ್ಲ ಎಂದು. ಅತ್ತೆ ತೀರಿಕೊಂಡು ವರ್ಷಗಳಾಗಿದ್ದವು. ‘ಪರವಾಗಿಲ್ಲ ಬಿಡಿ’ ಎಂದು ನಾನು ನನ್ನವರಿಗೆ ದೊಡ್ಡ ಧೈರ್ಯಸ್ಥೆಯ ಹಾಗೆ ಹೇಳಿದ್ದೆ.

ದ್ವೀಪದಲ್ಲಿ ಇಳಿದದ್ದೇ ತಡ, ನಮಗಿಬ್ಬರಿಗೂ ಹುಚ್ಚು ಹಿಡಿಯಿತು. ಯಾವ ಹಕ್ಕಿ ಎಲ್ಲಿ ಸಿಗುತ್ತದೆಂದು ನನ್ನವರು ಪಟ್ಟಿ ಮಾಡಿ ತಂದಿದ್ದರು. ಸನ್‌ಬರ್ಡ್ ಎಂಬ ಪುಟ್ಟ ಹಕ್ಕಿಯ ಮುಂದೆ ‘ಕಾಡಿನ ಅಂಚು’ ಎಂದಿತ್ತು. ನಾನು ಕುರ್ಚಿಯಿಂದ ಏಳದೆಯೇ ಕಂಡೆ; ನಮ್ಮ ಕ್ಯಾಬಿನ್ನಿನ ಜಗಲಿಯಲ್ಲಿ ಬಟ್ಟೆ ಒಣಹಾಕುವ ಹಗ್ಗಕ್ಕೇ ಅದರ ಗೂಡು ತೂಗಾಡುತ್ತಿತ್ತು. ಹೊಟ್ಟೆ ಅಪ್ಪಟ ಅರಿಶಿನ, ಗಂಡಿನ ಕೊರಳು ಕಡುನೀಲಿ. ಅದಕ್ಕೆ ತೊಂದರೆಯಾಗಬಾರದೆಂದು ಒದ್ದೆ ಟವೆಲನ್ನು ನನ್ನವರ ಹೆಗಲ ಮೇಲೆ ಒಣಗಿಸಿದೆ.

ಹಸಿರು ಮೈ, ನೇರಳೆ ಎದೆಯ ವೊಂಪೂ ಪಾರಿವಾಳಕ್ಕೆ ಹಣ್ಣಿನ ಮರದಡಿ ಸುಮ್ಮನೆ ನಿಲ್ಲಬೇಕು. ತಲೆಯ ಮೇಲೆ ಹಣ್ಣು ಬಿದ್ದರೆ ಅದು ಮೇಲಿದೆ ಎಂದರ್ಥ. ಸಂಜೆಯಾದರೆ ದೋಣಿ ನಿಲ್ಲುವ ಜೆಟ್ಟಿ. ಎದುರು ದಡದ ಕಾಡಲ್ಲಿ ಹಗಲೆಲ್ಲ ಮೇದ ಬಿಳಿ ಪಾರಿವಾಳಗಳು ಸಮುದ್ರದ ಮೇಲೆ ಹಿಂಡುಹಿಂಡಾಗಿ ದ್ವೀಪಕ್ಕೆ ಮಲಗಲು ಬರುತ್ತವೆ. ನನ್ನವರು ಎಣಿಸಲು ಶುರುಮಾಡಿ, ಲೆಕ್ಕ ತಪ್ಪಿ, ಕೊನೆಗೆ ಜೆಟ್ಟಿಯ ಮೇಲೆಯೇ ಕುಣಿದುಬಿಟ್ಟರು. ಮೀನು ಹಿಡಿಯುತ್ತಿದ್ದವರು ಗಾಳ ಬಿಟ್ಟು ಇವರನ್ನೇ ನೋಡಿದರು.

ಪಟ್ಟಿಯಲ್ಲಿ ಉಳಿದದ್ದು ಸ್ಕ್ರಬ್‌ಫೌಲ್. ಕ್ಯಾಬಿನ್ ನೋಡಿಕೊಳ್ಳುತ್ತಿದ್ದ ಮುದುಕಿ ನಮ್ಮನ್ನು ನೀರಿನ ಟ್ಯಾಂಕಿನ ಹಿಂದಕ್ಕೆ ಕರೆದೊಯ್ದಳು. ಅಲ್ಲಿ ಆಳೆತ್ತರದ ತಿಪ್ಪೆ. ಕೋಳಿ ಗಾತ್ರದ, ಕಿತ್ತಳೆ ಕಾಲಿನ ಆ ಹಕ್ಕಿ ಎಲೆ, ಮಣ್ಣು ಕೆದರಿ ಗುಡ್ಡೆ ಹಾಕಿ ಮೊಟ್ಟೆಯನ್ನು ಒಳಗೆ ಹೂಳುತ್ತದಂತೆ. ಕಾವು ಕೊಡುವುದು ಕೊಳೆಯುವ ಎಲೆಯ ಬಿಸಿ. ಮರಿ ತಾನೇ ಮಣ್ಣು ತೋಡಿಕೊಂಡು ಹೊರಬಂದು ತನ್ನ ಪಾಡಿಗೆ ನಡೆದುಬಿಡುತ್ತದಂತೆ.

“ಬಾಣಂತನದ ರಗಳೆನೇ ಇಲ್ವಲ್ರೀ ಇದಕ್ಕೆ” ಎಂದು ನಗತೊಡಗಿದೆ. ನಗುತ್ತಾ ನಗುತ್ತಾ ಅಳು ಬಂತು. “ಅಮ್ಮ ಇಲ್ದೆ ನಂಗೆ ತುಂಬಾ ಭಯ ಆಗ್ತಿದೆ ರೀ.”

ಅವರು ಅಂಗಿಯ ತೋಳು ಮಡಚಿ, ಮುದುಕಿ ತಡೆಯುವಷ್ಟರಲ್ಲಿ, ಮೊಣಕೈವರೆಗೆ ತಿಪ್ಪೆಗೆ ಕೈ ಹಾಕಿದರು. “ಬೆಚ್ಚಗಿದೆ ಕಣೇ. ಇಷ್ಟು ಬೆಚ್ಚಗೆ ಇಟ್ಕೋಳೋಕೆ ನಂಗೆ ಬರಲ್ವಾ? ಬಾಣಂತನ ನಾನೇ ಮಾಡ್ತೀನಿ.”

“ಸಾರಿಗೆ ಒಗ್ಗರಣೆ ಹಾಕೋಕೂ ಬರಲ್ಲ ನಿಮಗೆ.”

“ಕಲೀತೀನಿ. ಈ ಹಕ್ಕಿಗೆ ಯಾರು ಹೇಳ್ಕೊಟ್ರು?”

ಅಷ್ಟರಲ್ಲಿ ತಿಪ್ಪೆಯ ಒಡೆಯ ಹಿಂದಿನಿಂದ ಬಂದು, ಸಿಟ್ಟಿನಿಂದ ಕಾಲು ಕೆದರಿ, ನನ್ನವರ ಬೆನ್ನ ತುಂಬ ಕೊಳೆತ ಎಲೆ ಎರಚಿತು. ನಾವು ಮೂವರೂ ನಕ್ಕ ಆ ನಗುವಿನಲ್ಲಿ ಹೊಟ್ಟೆಯ ಕೂಸೂ ಒದೆಯಿತು.

ಮನೆಗೆ ಮರಳಿ, ಮುಂದಿನ ಭಾನುವಾರ ಅವರೇ ಮೈಸೂರಿಗೆ, ನನ್ನ ಅಮ್ಮನಿಗೆ ಫೋನ್ ಮಾಡಿದರು. ಕೈಯಲ್ಲಿ ಪೆನ್ನು. “ಅತ್ತೆ, ಎಣ್ಣೆ ಎಷ್ಟು ಬಿಸಿ ಇರ್ಬೇಕು? ಸಾಂಬ್ರಾಣಿ ಹೊಗೆ ಮಗುಗೆ ಮೊದಲಾ, ಇವಳಿಗೆ ಮೊದಲಾ?” ಅವರು ಶಾಲೆ ಹುಡುಗನ ಹಾಗೆ ಬರೆದುಕೊಳ್ಳುವುದನ್ನು ನೋಡಿ ನಾನು ಸೋಫಾದಲ್ಲಿ ಬಿದ್ದು ಬಿದ್ದು ನಕ್ಕೆ. ಇದ್ದಕ್ಕಿದ್ದಂತೆ ಅವರು ಬರೆಯುವುದನ್ನು ನಿಲ್ಲಿಸಿ, ರಿಸೀವರ್ ಹಿಡಿದು ಸುಮ್ಮನೆ ನಿಂತರು. ಏನಾಯಿತೆಂದು ಕೇಳಿದ್ದಕ್ಕೆ, “ಲೈನ್ ಸರಿ ಇಲ್ಲ” ಎಂದರು.

ಮಗಳು ಹುಟ್ಟಿದಳು. ನಲವತ್ತು ದಿನ ಅವರೇ ಎಣ್ಣೆ ಹಚ್ಚಿದರು, ನೀರೆರೆದರು, ಮೆಣಸಿನ ಸಾರು ಮಾಡಿ ಬಡಿಸಿದರು. ಅದೆಲ್ಲ ಮುಗಿದ ಮೇಲೆ ಹೇಳಿದರು: ಅವತ್ತು ಲೈನ್ ಚೆನ್ನಾಗಿಯೇ ಇತ್ತು. ನನ್ನ ನಗು ಕೇಳಿಸಿ ಅಮ್ಮ ಅಳುತ್ತಿದ್ದರು.