ಕನ್ನಡಿಯಲ್ಲಿ ಕಂಡ ಜೋಗ

ಒಂದು ವಿಷಯ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಜೋಗ ಜಲಪಾತವನ್ನು ನೋಡಿಲ್ಲ. ಜೋಗವನ್ನೇ ಏಕೆ, ಕಳೆದ ಶ್ರಾವಣದವರೆಗೆ ಯಾವ ಜಲಪಾತವನ್ನೂ ನೋಡಿರಲಿಲ್ಲ. ಇದರಲ್ಲಿ ಒಪ್ಪಿಕೊಳ್ಳುವಂಥದ್ದೇನಿದೆ, ಜಲಪಾತ ನೋಡದವರು ಊರಿಗೆ ಊರೇ ಇದ್ದಾರಲ್ಲ ಎಂದು ನೀವು ಕೇಳಬಹುದು. ಇದ್ದಾರೆ. ಆದರೆ ಅವರು ಯಾರೂ ಇಪ್ಪತ್ತಾರು ವರ್ಷ ವಡೋದರಾ ಪಕ್ಕದ ಕೊಯಾಲಿಯ ರಿಫೈನರಿ ಟೌನ್‌ಶಿಪ್ಪಿನಲ್ಲಿ ಜಲಪಾತಗಳ ಬಗ್ಗೆ ಕೊನೆಯ ಮಾತು ಹೇಳುವ ಪಂಡಿತರಾಗಿ ಬಾಳಿಲ್ಲ. ನಾನು ಬಾಳಿದ್ದೇನೆ, ಅದೂ ಸಾಕಷ್ಟು ಗತ್ತಿನಿಂದಲೇ ಬಾಳಿದ್ದೇನೆ.

ನನ್ನ ಊರು ಚಳ್ಳಕೆರೆ. ಹೆಸರಿನಲ್ಲಿ ಕೆರೆ ಇದೆ ಎಂದು ಮೋಸ ಹೋಗಬೇಡಿ. ನಮ್ಮ ಕಡೆ ನೀರು ಮೇಲಿನಿಂದ ಬೀಳುವುದೇ ಅಪರೂಪ. ಬಿದ್ದರೆ ಮಳೆಯಾಗಿ ಬೀಳಬೇಕು, ಅದೂ ಅದಕ್ಕೆ ಮನಸ್ಸು ಬಂದರೆ. ನೀರು ಬೇಕೆಂದಾಗ ನಾವು ಆಕಾಶಕ್ಕಿಂತ ನೆಲವನ್ನೇ ಹೆಚ್ಚು ನೋಡಿದವರು. ಅದಕ್ಕೇ ಇರಬೇಕು, ಬೀಳುವ ನೀರಿಗೆ ನಮ್ಮಲ್ಲಿ ಬಾಯಿತುಂಬ ಕರೆಯುವ ಒಂದು ಹೆಸರೂ ಇಲ್ಲ. ನೆಲದಿಂದ ಬರುವ ನೀರಿಗಾದರೆ ಒರತೆ, ಸೆಲೆ, ಚಿಲುಮೆ, ಬುಗ್ಗೆ ಎಂದು ಬೇಕಾದಷ್ಟಿವೆ. ನಿಂತ ನೀರಿಗೆ ಹೊಂಡ, ಕುಂಟೆ, ಗೋಕಟ್ಟೆ. ಬೇಸಿಗೆಯಲ್ಲಿ ವೇದಾವತಿಯ ಮರಳನ್ನು ಮೊಣಕೈ ಆಳ ಬಗೆದು, ಒಸರುವ ನೀರನ್ನು ಚೊಂಬಿನಲ್ಲಿ ತುಂಬಿಕೊಂಡು ಬರುತ್ತಿದ್ದ ನಾನು ಹೊಳೆಯೆಂದರೆ ಅಗೆಯುವ ಜಾಗ ಎಂದೇ ಬಹುಕಾಲ ನಂಬಿದ್ದೆ.

ಇಂಥವನು ಜಲಪಾತದ ಪಂಡಿತನಾದದ್ದು ಒಂದೇ ಒಂದು ಮಾತಿನಿಂದ. ರಿಫೈನರಿಯಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರ, ಕ್ಯಾಂಟೀನಿನಲ್ಲಿ ನನ್ನೆದುರು ಊಟಕ್ಕೆ ಕೂತವರು ಜಯೇಶಭಾಯಿ. ಜುನಾಗಢದ ಕಡೆಯವರು, ನನಗಿಂತ ನಾಲ್ಕು ವರ್ಷ ಹಿರಿಯರು. ತಿಪ್ಪೇಸ್ವಾಮಿ ಎಂಬ ನನ್ನ ಹೆಸರನ್ನು ಎರಡು ಸಲ ಪ್ರಯತ್ನಿಸಿ, ಮೂರನೆಯ ಸಲಕ್ಕೆ ಸ್ವಾಮಿಭಾಯ್ ಎಂದು ಇಳಿಸಿಕೊಂಡರು. ಆಗೆಲ್ಲ ವಿಂಧ್ಯದ ಕೆಳಗಿನಿಂದ ಬಂದವರನ್ನು ಒಂದೇ ಮಾತಿನಲ್ಲಿ ಮದ್ರಾಸಿ ಎಂದು ಮುಗಿಸಿಬಿಡುವ ಕಾಲ. ಆದರೆ ಈ ಪುಣ್ಯಾತ್ಮ, "ಕರ್ನಾಟಕ ಅಂದರೆ ಜೋಗ್ ಇರುವುದು ಅಲ್ಲೇ ಅಲ್ಲವಾ? ನೋಡಿದ್ದೀರಾ?" ಎಂದು ಕೇಳಿದರು. ನನ್ನ ರಾಜ್ಯವನ್ನು ಬೇರೆಯಾಗಿ ಗುರುತಿಸಿದ ಮೊದಲ ಮನುಷ್ಯ. ಅವರಿಗೆ ಇಲ್ಲ ಎಂದು ಹೇಳಲು ಮನಸ್ಸು ಬರಲಿಲ್ಲ.

"ನೋಡದೆ ಏನು!" ಎಂದೆ.

ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಅವರು ಹೇಗಿದೆ ಎಂದು ಕೇಳಿದರು, ನಾನು ಹೇಳಿದೆ. ಕ್ಯಾಂಟೀನಿನ ಮೇಜಿನ ಮೇಲೆ ನಾಲ್ಕು ಚಮಚೆಗಳನ್ನು ಸಾಲಾಗಿ ಇಟ್ಟು, ಎಡದಲ್ಲಿ ರಾಣಿ, ಬಲದಲ್ಲಿ ರಾಜ, ನಡುವೆ ರಾಕೆಟ್ಟು ಮತ್ತು ರೋರರ್ ಎಂದು ತೋರಿಸಿಕೊಟ್ಟೆ. ಪಕ್ಕದ ಮೇಜಿನವರೂ ಕತ್ತು ಚಾಚಿದರು. ಮುಂದಿನ ವರ್ಷಗಳಲ್ಲಿ ಟೌನ್‌ಶಿಪ್ಪಿನ ಯಾರೇ ಯಾವ ನೀರು ನೋಡಿ ಬರಲಿ, ನನ್ನ ಬಳಿ ಬಂದು ವರದಿ ಒಪ್ಪಿಸುವುದು ರೂಢಿಯಾಯಿತು. ನಾನು ಫೋಟೋ ನೋಡಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಪರವಾಗಿಲ್ಲ" ಎನ್ನುತ್ತಿದ್ದೆ. ಆ ಒಂದು ಪದ ಕೇಳಲು ಜನ ನಯಾಗರಾದ ಫೋಟೋ ಕೂಡ ತಂದು ತೋರಿಸಿದ್ದಾರೆ.

ನನ್ನ ವಿದ್ಯೆಯ ಮೂಲ ನಮ್ಮೂರಿನ ಒಂದು ಕ್ಷೌರದಂಗಡಿ. ಏಳನೇ ಕ್ಲಾಸಿನ ಪ್ರವಾಸ ಜೋಗಕ್ಕೆ ಹೊರಟ ದಿನ ನನಗೆ ಮೈಮೇಲೆಲ್ಲ ಅಮ್ಮ ಎದ್ದಿತ್ತು. ಬೇವಿನ ಸೊಪ್ಪಿನ ಮೇಲೆ ಮಲಗಿ ಬಸ್ಸಿನ ಹಾರ್ನ್ ಕೇಳಿಸಿಕೊಂಡೆ. ಹೋಗಿ ಬಂದ ಗೆಳೆಯರು ಹೆಸರುಗಳನ್ನು ಕಲಿಸಿದರು, ಚಿತ್ರವನ್ನು ಆ ಅಂಗಡಿ ಕೊಟ್ಟಿತು. ಕುರ್ಚಿಯ ಎದುರು ದೊಡ್ಡ ಕನ್ನಡಿ, ಹಿಂದಿನ ಗೋಡೆಯಲ್ಲಿ ಎಣ್ಣೆ ಮಿಲ್ಲಿನವರ ಕ್ಯಾಲೆಂಡರು, ಅದರಲ್ಲಿ ಜೋಗ. ತಾರೀಖಿನ ಹಾಳೆಗಳೆಲ್ಲ ಹರಿದುಹೋದ ಮೇಲೂ ಅಂಗಡಿಯವನು ಚಿತ್ರವನ್ನು ತೆಗೆಯಲಿಲ್ಲ. ತಿಂಗಳಿಗೊಮ್ಮೆ ಆ ಕುರ್ಚಿಯಲ್ಲಿ ಕೂತು, ಕಿವಿಯ ಸುತ್ತ ಕತ್ತರಿ ಕಚಕಚ ಎನ್ನುತ್ತಿರುವಾಗ, ಕನ್ನಡಿಯೊಳಗಿನ ಜೋಗವನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದೆ.

ಈ ಗುಟ್ಟು ಗೊತ್ತಿದ್ದದ್ದು ನನ್ನ ಹೆಂಡತಿ ಮಂಜುಳಾಗೆ ಮಾತ್ರ. ಹಿರಿಯೂರಿನವಳು, ನೀರಿನ ವಿಷಯದಲ್ಲಿ ನನ್ನಷ್ಟೇ ಬಡವಿ, ಆದರೆ ಸುಳ್ಳಿನ ವಿಷಯದಲ್ಲಿ ನನ್ನಷ್ಟು ಧಾರಾಳಿಯಲ್ಲ. "ಒಂದು ದಿನ ಸಿಕ್ಕಿಬೀಳ್ತೀರಿ ನೋಡ್ರಿ" ಎಂದು ಅವಳು ಎಷ್ಟೋ ಸಲ ಹೇಳಿದ್ದಳು. ಆ ದಿನ ಬಂದೇ ಬಂತು. ಜಯೇಶಭಾಯಿ ನಿವೃತ್ತರಾದ ತಿಂಗಳೇ ಮನೆಗೆ ಬಂದು, ದೀಪಾವಳಿ ಕಳೆದ ಮೇಲೆ ನಾವು ನಾಲ್ಕೂ ಜನ ಜೋಗಕ್ಕೆ ಹೋಗುತ್ತಿದ್ದೇವೆ, ರೈಲಿನ ಟಿಕೆಟ್ ಆಗಿದೆ, ನೀವೇ ನಮ್ಮ ಗೈಡು ಎಂದರು. ಅವರ ಹೆಂಡತಿ ಹಂಸಾಬೆನ್, "ಇಪ್ಪತ್ತಾರು ವರ್ಷದಿಂದ ಕೇಳಿದ್ದನ್ನು ಈಗ ಕಣ್ಣಾರೆ ನೋಡುತ್ತೇವೆ" ಎಂದು ಮಂಜುಳಾಳ ಕೈ ಹಿಡಿದುಕೊಂಡರು. ಗುಜರಾತಿನಲ್ಲಿ ನನಗೆ ಅಣ್ಣನಂತೆ ಇದ್ದವರು ಜಯೇಶಭಾಯಿ. ಮಗಳ ಹೆರಿಗೆಯ ದಿನ ಆಸ್ಪತ್ರೆಯಲ್ಲಿ ನನಗಿಂತ ಹೆಚ್ಚು ಓಡಾಡಿದವರು. ಅಂಥವರಿಗೆ ಮೊದಲ ಭೇಟಿಯಲ್ಲೇ ಹೇಳಿದ ಸುಳ್ಳನ್ನು ಹಿಂದಕ್ಕೆ ಪಡೆಯುವುದು ಹೇಗೆ? ಗೆಳೆತನದ ಬುಡದ ಕಲ್ಲೇ ಅದಲ್ಲವೇ, ಕಿತ್ತರೆ ಏನು ಉಳಿದೀತು ಎಂದು ಹೆದರಿದೆ.

ಅಷ್ಟರಲ್ಲಿ ಅವರೇ ಇನ್ನೊಂದು ಯೋಜನೆ ಹಾಕಿದರು. ರಾಜಪೀಪಳಾದ ಆಚೆ, ನರ್ಮದೆಯನ್ನು ಸೇರುವ ಒಂದು ಕಿರುಹೊಳೆಯ ದಡದಲ್ಲಿ ಅರಣ್ಯ ಇಲಾಖೆಯವರ ಉದ್ಯಾನವಿದೆ. ಕಾಡಿನೊಳಗೆ ನಡೆಯಲು ಕಾಲುದಾರಿಗಳು, ಕೊನೆಯಲ್ಲಿ ಒಂದು ಧೋಧ್. ಧೋಧ್ ಎಂದರೆ ಗುಜರಾತಿಯಲ್ಲಿ ಜಲಪಾತ. ಜೋಗಕ್ಕೆ ಮುನ್ನ ಕಾಲು ಪಳಗಲಿ ಎಂದು ಶ್ರಾವಣದ ಒಂದು ಭಾನುವಾರ ಬೆಳಿಗ್ಗೆ ಅವರ ಕಾರಿನಲ್ಲಿ ಹೊರಟೆವು. ಹಂಸಾಬೆನ್ ಥೇಪ್ಲಾ ಎಂಬ ಮೆಂತ್ಯದ ರೊಟ್ಟಿ, ಉಪ್ಪಿನಕಾಯಿ, ಕರಿದ ಗಾಂಠಿಯಾ ತಂದಿದ್ದರು. ಮಂಜುಳಾ ಒಗ್ಗರಣೆ ಹಾಕಿದ ಮಂಡಕ್ಕಿ ತಂದಿದ್ದಳು. ಡಭೋಯಿ ದಾಟುವಾಗ ಅವಳು ನನ್ನ ಕಡೆ ಬಾಗಿ, "ಇವತ್ತಾದ್ರೂ ಹೇಳ್ಬಿಡ್ರಿ" ಎಂದು ಕನ್ನಡದಲ್ಲಿ ಪಿಸುಗುಟ್ಟಿದಳು. ಪರರಾಜ್ಯದಲ್ಲಿರುವ ಗಂಡಹೆಂಡಿರಿಗೆ ಇದೊಂದು ಅನುಕೂಲ, ಎದುರಿಗೇ ಜಗಳವಾಡಿದರೂ ಅಡುಗೆಯ ವಿಷಯ ಮಾತಾಡುತ್ತಿದ್ದಾರೆ ಎಂದು ಜನ ತಿಳಿಯುತ್ತಾರೆ. ನಾನೂ ಮಂಡಕ್ಕಿ ಮೆತ್ತಗಾಗದಂತೆ ನೋಡಿಕೋ ಎಂಬ ಮುಖ ಮಾಡಿ, "ಹೇಳ್ತೀನಿ, ಸುಮ್ನಿರು" ಎಂದೆ.

ಗೇಟಿನ ಬಳಿ ಹೆಂಗಸರು ಕೆಂಡದ ಮೇಲೆ ಮೆಕ್ಕೆಜೋಳದ ತೆನೆ ಸುಡುತ್ತಿದ್ದರು. ಒಳಗೆ ತೇಗ, ಬಿದಿರು, ಎಲೆ ತುಂಬಿದ ಮುತ್ತುಗ. ದಾರಿ ಹೊಳೆಯ ಪಕ್ಕದಲ್ಲೇ ಏರುತ್ತಿತ್ತು. ಪಂಡಿತನೆಂದ ಮೇಲೆ ಮುಂದೆ ನಡೆಯಬೇಕಲ್ಲ, ನಡೆದೆ. ಕೈಯಲ್ಲೊಂದು ಕೋಲು ಹಿಡಿದು, "ಕಲ್ಲಿನ ಮೇಲೆ ಪಾಚಿ ಇರುತ್ತದೆ, ಕಾಲು ಅಡ್ಡಡ್ಡ ಇಡಿ" ಎಂದು ಅಪ್ಪಣೆ ಕೊಡಿಸುತ್ತಿದ್ದೆ. ಅಡ್ಡಡ್ಡ ಇಟ್ಟು ಮೊದಲು ಜಾರಿದವನು ನಾನೇ. ಇಂಥ ಜಾಗದಲ್ಲಿ ಬೀಳದವನಿಗೆ ಅನುಭವವೇ ಇಲ್ಲ ಎಂದು ಅರ್ಥ ಎನ್ನುತ್ತಾ ಎದ್ದು ಮಣ್ಣು ಕೊಡವಿಕೊಂಡೆ. ಹಂಸಾಬೆನ್ ಭಕ್ತಿಯಿಂದ ತಲೆಯಾಡಿಸಿದರು.

ಅರ್ಧ ಗಂಟೆ ನಡೆದಿರಬೇಕು. ಮರಗಳ ಆಚೆಯಿಂದ ಒಂದು ಸದ್ದು ಬರತೊಡಗಿತು. ಒಂದೇ ಸಮನೆ, ಏರಿಳಿತವಿಲ್ಲದ ಭೋರ್ ಸದ್ದು. ನನಗೆ ತೀರ ಪರಿಚಯದ ಸದ್ದು. ರಿಫೈನರಿಯಲ್ಲಿ ನಾನು ಜೀವನವಿಡೀ ನೋಡಿಕೊಂಡದ್ದು ಕೂಲಿಂಗ್ ಟವರ್‌ಗಳನ್ನು. ಯಂತ್ರಗಳ ನಡುವೆ ಸುತ್ತಿ ಕಾದು ಬಂದ ನೀರನ್ನು ಮೇಲಕ್ಕೇರಿಸಿ, ಪದರ ಪದರವಾಗಿ ಕೆಳಗೆ ಬೀಳಿಸಿ, ಗಾಳಿಗೆ ಒಡ್ಡಿ ತಣಿಸುವ ದೊಡ್ಡ ಗೋಪುರಗಳು. ಆ ಸದ್ದಿನಲ್ಲಿ ಸ್ವಲ್ಪ ವ್ಯತ್ಯಾಸವಾದರೂ ನನ್ನ ಕಿವಿಗೆ ಗೊತ್ತಾಗುತ್ತದೆ. ನಿಂತು, ಕಿವಿಗೊಟ್ಟು, ಅಧಿಕಾರವಾಣಿಯಿಂದ ಹೇಳಿದೆ.

"ಜಯೇಶಭಾಯಿ, ಇಲ್ಲೆಲ್ಲೋ ಹತ್ತಿರದಲ್ಲಿ ಕಾರ್ಖಾನೆ ಇದೆ. ಕೂಲಿಂಗ್ ಟವರ್ ಓಡುತ್ತಿದೆ."

ಮಂಜುಳಾ ಕಣ್ಣು ಮುಚ್ಚಿಕೊಂಡಳು. ಜಯೇಶಭಾಯಿ ನನ್ನ ಹೆಗಲ ಮೇಲೆ ಕೈಯಿಟ್ಟು, ಮಗುವಿಗೆ ಹೇಳುವಷ್ಟು ಮೆತ್ತಗೆ ಹೇಳಿದರು. "ಸ್ವಾಮಿಭಾಯ್, ಅದೇ ಧೋಧ್."

ದಾರಿ ತಿರುಗಿತು, ನೀರು ಎದುರಿಗೆ ಬಂತು. ಜೋಗದ ಮುಂದೆ ಅದೇನೂ ಅಲ್ಲವಂತೆ, ಎರಡು ಮೂರು ಮಹಡಿಯ ಎತ್ತರವಿರಬಹುದು. ನನಗೆ ಅದನ್ನು ಅಳೆಯುವ ಬುದ್ಧಿಯೇ ಹೋಗಿತ್ತು. ಕಪ್ಪು ಬಂಡೆಯ ನೆತ್ತಿಯಿಂದ ಬೆಳ್ಳಗೆ ಧುಮುಕಿ, ಒಡೆದು, ಮತ್ತೆ ಕೂಡಿಕೊಂಡು, ಏನೂ ಆಗದವರ ಹಾಗೆ ನಮ್ಮ ಕಾಲ ಬುಡದಲ್ಲಿ ಹರಿದು ಹೋಗುತ್ತಿತ್ತು. ಎಲ್ಲಕ್ಕಿಂತ ನನ್ನನ್ನು ಬೆರಗಾಗಿಸಿದ್ದು ಗಾಳಿ. ಬೀಳುವ ನೀರು ತನ್ನದೇ ಒಂದು ಗಾಳಿಯನ್ನು ಎಬ್ಬಿಸುತ್ತದೆ, ಅದು ತಣ್ಣಗೆ ಬಂದು ಮುಖಕ್ಕೆ ಹೊಡೆಯುತ್ತದೆ, ಕನ್ನಡಕ ಮಂಜಾಗುತ್ತದೆ, ಅಂಗಿ ಒದ್ದೆಯಾಗುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಕ್ಯಾಲೆಂಡರಿನಲ್ಲಿ ಗಾಳಿ ಇರಲಿಲ್ಲ. ಐವತ್ತಾರು ವರ್ಷದ ನಾನು ಬಾಯಿ ಬಿಟ್ಟುಕೊಂಡು ನಿಂತೆ. ಕಣ್ಣಲ್ಲಿ ನೀರು ಬಂತು. ಎರಚಿದ ಹನಿ ಎಂದು ಹೇಳಬಹುದಿತ್ತು, ಆದರೆ ಆ ಹೊತ್ತಿಗೆ ನನಗೆ ಸುಳ್ಳು ಸಾಕಾಗಿತ್ತು.

ಬಂಡೆಯ ಮೇಲೆ ಕೂತು ಎಲ್ಲವನ್ನೂ ಹೇಳಿಬಿಟ್ಟೆ. ಅಮ್ಮ ಎದ್ದದ್ದು, ಬಸ್ಸು ಹೋದದ್ದು, ಕ್ಷೌರದಂಗಡಿ, ಕ್ಯಾಲೆಂಡರು, ಕನ್ನಡಿ. ಜಯೇಶಭಾಯಿ ಥೇಪ್ಲಾ ಸುರುಳಿ ಸುತ್ತುತ್ತಾ ಕೇಳುತ್ತಿದ್ದರು. ಕನ್ನಡಿ ಎಂದ ಕೂಡಲೇ ಥೇಪ್ಲಾ ಕೈಯಲ್ಲೇ ನಿಂತಿತು.

"ಕನ್ನಡಿ! ಹಂಸಾ, ಕೇಳಿದೆಯಾ, ಕನ್ನಡಿ!" ಎಂದು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ನಗು ಇಳಿದ ಮೇಲೆ ಹೇಳಿದರು. "ಮೂರು ವರ್ಷದ ಹಿಂದೆ ನನ್ನ ಮಗ ಟಿ.ವಿ.ಯಲ್ಲಿ ಜೋಗ್ ಹಾಕಿ ತೋರಿಸಿದ. ರಾಜಾ ಎಡಗಡೆ ಇದ್ದ. ನಿಮ್ಮ ಚಮಚೆಯಲ್ಲಿ ಅವನು ಬಲಗಡೆ. ಮೊದಲು ನಾನು ಟಿ.ವಿ.ಯೇ ತಪ್ಪು ಅಂದುಕೊಂಡೆ. ಆಮೇಲೆ ಇನ್ನೂ ನಾಲ್ಕು ವಿಡಿಯೋ ನೋಡಿದೆ. ಎಲ್ಲದರಲ್ಲೂ ರಾಜಾ ಎಡಗಡೆಯೇ. ಆಗ ಗೊತ್ತಾಯಿತು, ನಮ್ಮ ಸ್ವಾಮಿಭಾಯ್ ಪಾಪ ನೋಡೇ ಇಲ್ಲ."

"ಗೊತ್ತಿದ್ದೂ ಟಿಕೆಟ್ ಯಾಕೆ ಮಾಡಿಸಿದಿರಿ? ಗೈಡು ಅಂತ ಬೇರೆ ಅಂದಿರಲ್ಲ!"

ಉತ್ತರ ಕೊಟ್ಟವರು ಹಂಸಾಬೆನ್. "ಇಷ್ಟು ವರ್ಷ ನೀವು ನಮಗೆ ತೋರಿಸಿದಿರಿ. ಒಂದು ಸಲ ನಾವು ನಿಮಗೆ ತೋರಿಸೋಣ ಅಂತ."

ನಾನು ಹೊಳೆಯ ಕಡೆ ಮುಖ ತಿರುಗಿಸಿಕೊಂಡೆ. ಬುಡದ ಕಲ್ಲು ಕಿತ್ತರೆ ಏನುಳಿದೀತು ಎಂದು ಹೆದರಿದ್ದೆನಲ್ಲ, ಆ ಕಲ್ಲನ್ನು ಇವರು ಮೂರು ವರ್ಷದ ಹಿಂದೆಯೇ ಎತ್ತಿ ಪಕ್ಕಕ್ಕಿಟ್ಟಿದ್ದರು. ಅದರ ಮೇಲೆ ಏನೂ ನಿಂತಿರಲೇ ಇಲ್ಲ.

"ಹೋಗಲಿ, ಜೋಗ್ ನಿಮ್ಮೂರಿನದಲ್ಲ ಅಂತಾಯಿತು. ನಿಮ್ಮ ಊರಿನಲ್ಲಿ ನಿಜವಾಗಿ ಏನಿದೆ?" ಎಂದು ಜಯೇಶಭಾಯಿ ಕೇಳಿದರು. ಇಪ್ಪತ್ತಾರು ವರ್ಷದಲ್ಲಿ ಈ ಪ್ರಶ್ನೆ ಬಂದದ್ದು ಇದೇ ಮೊದಲು. ಬರದಂತೆ ನಾನೇ ನಾಲ್ಕು ಧಾರೆಗಳನ್ನು ಅಡ್ಡ ಬಿಟ್ಟಿದ್ದೆನಲ್ಲ. ಏನಿದೆ ಎಂದು ಹೇಳಲಿ? ಶೇಂಗಾ ಇದೆ, ಎಣ್ಣೆ ಗಾಣ ಇದೆ, ಬೀದಿಗೆಲ್ಲ ಹಿಂಡಿಯ ವಾಸನೆ ಇದೆ, ಕೆಂಪು ಮಣ್ಣಿದೆ, ಕುರಿ ಇವೆ, ಮರಳೇ ಹರಿಯುವ ಒಂದು ನದಿ ಇದೆ ಎಂದು ಸಂಕೋಚದಿಂದಲೇ ಹೇಳಿದೆ.

ಜಯೇಶಭಾಯಿ ಎದ್ದು ನಿಂತರು. "ಶೇಂಗಾ? ನಿಮ್ಮ ಊರಿನಲ್ಲಿ? ಎಣ್ಣೆ ಗಾಣ?" ಎಂದರು. ಅವರ ಅಪ್ಪನದು ಜುನಾಗಢದ ಹತ್ತಿರ ಶೇಂಗಾ ಹೊಲ. ಪ್ರತಿ ಚಳಿಗಾಲ ಊರಿನಿಂದ ಒಂದು ಚೀಲ ತಂದು ನಮ್ಮ ಮನೆಗೆ ಕೊಡುತ್ತಿದ್ದರು. ನಾನು ಅಪರೂಪದ ಪದಾರ್ಥವೆಂಬಂತೆ ಒಂದೊಂದೇ ಸುಲಿದು ತಿಂದು "ಪರವಾಗಿಲ್ಲ" ಎನ್ನುತ್ತಿದ್ದೆ. ಹಸಿ ಶೇಂಗಾ ಬಳ್ಳಿಯನ್ನು ಮಣ್ಣಿನಿಂದ ಕಿತ್ತಾಗ ಬರುವ ವಾಸನೆ, ಹೊಲದಲ್ಲೇ ಬೆಂಕಿ ಮಾಡಿ ಸುಟ್ಟು ತಿಂದು ಬಾಯೆಲ್ಲ ಮಸಿಯಾಗುವುದು, ಮಿಲ್ಲಿನ ಹೊಸ ಎಣ್ಣೆಯನ್ನು ಬಿಸಿ ರೊಟ್ಟಿಗೆ ಸವರಿಕೊಳ್ಳುವುದು, ಇವೆಲ್ಲ ಅವರಿಗೂ ಗೊತ್ತು, ನನಗೂ ಗೊತ್ತು. ಆ ಬಂಡೆಯ ಮೇಲೆ ನಾವಿಬ್ಬರೂ ಒಬ್ಬರ ಮಾತು ಒಬ್ಬರು ಕಿತ್ತುಕೊಂಡು ಮಾತಾಡಿದೆವು. ಜಲಪಾತವನ್ನು ಆಮೇಲೆ ಯಾರೂ ನೋಡಲಿಲ್ಲ. ನಾನು ಮಾತ್ರ ಆಗಾಗ ಕದ್ದು ನೋಡುತ್ತಿದ್ದೆ.

ಯಾರೋ ಒಬ್ಬರು ನಮ್ಮನ್ನು ಮೆಚ್ಚಲಿ ಎಂದು ನಾವು ನಮ್ಮದಲ್ಲದ್ದನ್ನು ಎತ್ತಿ ತೋರಿಸುತ್ತೇವೆ. ಅವರಿಗೆ ಬೇಕಾದದ್ದು ಮನೆಯ ಮೂಲೆಯಲ್ಲಿ ಚೀಲದಲ್ಲಿ ಬಿದ್ದಿರುತ್ತದೆ. ಇಷ್ಟು ಸರಳ ವಿಷಯ ನನಗೆ ಹೊಳೆಯಲು ಒಂದು ಜಲಪಾತವೇ ಬೀಳಬೇಕಾಯಿತು.

ಈಗ ನಮ್ಮ ಪ್ರವಾಸ ಬದಲಾಗಿದೆ. ಜೋಗಕ್ಕೆ ಒಂದು ದಿನ, ಚಳ್ಳಕೆರೆಗೆ ಮೂರು ದಿನ. ಮೊದಲು ಕ್ಷೌರದಂಗಡಿಗೆ ಹೋಗಿ ಆ ಕುರ್ಚಿಯಲ್ಲಿ ಕೂರಬೇಕು ಎಂಬುದು ಜಯೇಶಭಾಯಿಯ ಹಟ. ಕಳೆದ ವಾರ ಟೌನ್‌ಶಿಪ್ಪಿನ ಪಾರ್ಕಿನಲ್ಲಿ ಅವರು ನಾಲ್ಕಾರು ಜನರನ್ನು ಕೂಡಿಸಿಕೊಂಡು ಹೆಬ್ಬೆರಳು ಎತ್ತಿ ತೋರಿಸುತ್ತಿದ್ದರು.

"ಸ್ವಾಮಿಭಾಯಿಯ ಊರಿನ ಶೇಂಗಾ ಇಷ್ಟು ದಪ್ಪ. ಒಂದು ಕಾಯಿಯಲ್ಲಿ ನಾಲ್ಕು ಬೀಜ. ನದಿಯ ಮರಳಿನಲ್ಲಿ ಕೈ ಹಾಕಿದರೆ ಸಾಕು, ಅಮೃತದಂಥ ನೀರು!"

"ನೀವು ನೋಡಿದ್ದೀರಾ?" ಎಂದು ಯಾರೋ ಕೇಳಿದರು.

"ನೋಡದೆ ಏನು!" ಎಂದರು ಜಯೇಶಭಾಯಿ.

ಮಂಜುಳಾ ನನ್ನನ್ನು ಮೊಣಕೈಯಿಂದ ತಿವಿದಳು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಸ್ವಲ್ಪ ಹೊತ್ತು ಸುಮ್ಮನಿದ್ದು, ಹೌದು, ಅಷ್ಟೇ ದಪ್ಪ ಎಂದೆ.