ದಾರ ಸುತ್ತಿದ ಕಾಲುಂಗುರ

ಕೋವಿಡ್ ಹಾವಳಿ ಇಳಿದ ಮರುವರ್ಷದ ಬೇಸಿಗೆ. ಆಗ ನಾನು ಕಲಬುರಗಿಯ ಶಹಾಬಜಾರದ ಮನೆಯಿಂದ ದಿನಾ ಬಸ್ಸು ಹಿಡಿದು ಕಮಲಾಪುರಕ್ಕೆ ಹೋಗಿ, ಅಲ್ಲಿನ ಸಣ್ಣದೊಂದು ಆಯುರ್ವೇದ ದವಾಖಾನೆಯಲ್ಲಿ ವೈದ್ಯೆಯಾಗಿ ಕೂಡುತ್ತಿದ್ದೆ. ಮೊಬೈಲಿನಲ್ಲಿ ನಾಲ್ಕು ಪ್ರಶ್ನೆಗೆ ಉತ್ತರ ಒತ್ತಿ, ‘ನನ್ನದು ವಾತದ ಮೈ ಅಂತ ಬಂದದರೀ’ ಎನ್ನುತ್ತ ಬರುವವರು ಶುರುವಾಗಿದ್ದ ಕಾಲ. ಅಂಥವರನ್ನು ನಗುತ್ತಲೇ ಸಂಭಾಳಿಸುತ್ತಿದ್ದೆ. ನೀಲಮ್ಮ ಬಂದ ದಿನ ಮಾತ್ರ ನಗು ಬರಲಿಲ್ಲ.

ನೀಲಮ್ಮ ಊರಿನ ಕಿರಾಣಿ ಅಂಗಡಿಯವರ ಮನೆಯ ಯಜಮಾನಿ. ಹಿಂದೆ ಸೊಸೆ ಸುವರ್ಣಾ, ತಲೆತುಂಬ ಸೆರಗು. ಮದುವೆಯಾದಾಗಿನಿಂದ ಎರಡು ಸಲ ಬಸಿರು ನಿಂತು, ಎರಡೂ ಸಲ ಉಳಿದಿರಲಿಲ್ಲ.

“ಇಕಿದು ಉಷ್ಣದ ಮೈರೀ ಮೇಡಂ. ಅಂಗೈ ಮುಟ್ಟಿ ನೋಡ್ರಿ, ಕಾದ ಹಂಚು! ಹಂಚಿನ ಮ್ಯಾಲ ಬೀಜ ಹಾಕಿದ್ರ ಮೊಳಕಿ ಒಡೀತದೇನು? ಪಿತ್ತ ಪ್ರಕೃತಿ ಅಂತ ನಿಮ್ಮ ಬಾಯಿಂದ ಒಂದು ಮಾತು ಬೇಕು. ಸೋಮವಾರ ಬೀಗರನ್ನ ಕರಸೀವಿ.”

ಬೀಗರನ್ನು ಕರೆಸುವುದೆಂದರೆ ಸೊಸೆಯನ್ನು ತವರಿಗೆ ಒಪ್ಪಿಸಿಬಿಡುವ ಮಾತುಕತೆ. ಪ್ರಕೃತಿ ಎಂದರೆ ವಾತ, ಪಿತ್ತ, ಕಫಗಳಲ್ಲಿ ಯಾವುದು ಹೆಚ್ಚೆಂಬ, ಹುಟ್ಟಿನಿಂದಲೇ ಬಂದ ಮೈಗುಣ, ಅದಕ್ಕೆ ಮದ್ದಿಲ್ಲ. ನಾನು ಹೂಂ ಎಂದರೆ ಸುವರ್ಣಾಳ ಸಂಸಾರ ಅಲ್ಲಿಗೆ ಮುಗಿಯುತ್ತಿತ್ತು.

ಪ್ರಕೃತಿ ತಿಳಿಯಲು ನಾಡಿ ಹಿಡಿದರೆ ಸಾಲದು, ಕೇಳಬೇಕು. ಕೇಳಿದೆ.

“ನಿದ್ದಿ ಹ್ಯಾಂಗ ಬರ್ತದವ್ವಾ?”

“ಎಲ್ಲೀ ನಿದ್ದಿರೀ, ಬರೀ ಹೊರಳಾಡ್ತಾಳ,” ಎಂದರು ನೀಲಮ್ಮ.

“ಹಸಿವು?”

“ರಾಕ್ಷಸಿ ಹಸಿವರೀ! ತಿಂದದ್ದು ಮೈಗಿ ಹತ್ತಂಗಿಲ್ಲ. ಅದಕ್ಕ ಖಾರ, ಶೇಂಗಾ ಹಿಂಡಿ ಎಲ್ಲಾ ಬಂದ್ ಮಾಡಿ ಮಜ್ಜಿಗಿ ಅನ್ನ ಇಟ್ಟೀನಿ. ಬಿಸಿಲು ಬಡೀಬಾರದಂತ ನಡುಮನಿ ಬಿಟ್ಟು ಹೊರಗ ಕಳಿಸಿಲ್ಲ.”

ಹಿರಿಯರ ಎದುರು ಸೊಸೆ ಬಾಯಿ ತೆಗೆಯಬಾರದೆಂಬುದು ಆ ಮನೆಯ ರೀತಿ. ಸುವರ್ಣಾ ನೆಲ ನೋಡುತ್ತ ಕುಳಿತಿದ್ದಳು. ಹಸಿವು ಅವಳದು, ಉತ್ತರ ಅತ್ತೆಯದು. ನಾನೂ ಸಿಕ್ಕಿಬಿದ್ದಿದ್ದೆ. ಬಂದ ಉತ್ತರಗಳನ್ನು ಕೂಡಿಸಿದರೆ ಪುಸ್ತಕದ ಪ್ರಕಾರ ಪಿತ್ತವೇ ಆಗುತ್ತಿತ್ತು. ಅತ್ತೆಯನ್ನು ಹೊರಗೆ ಕೂಡಿಸೋಣವೆಂದರೆ, ಹುಡುಗಿಯ ತವರೂ ನಮ್ಮ ಶಹಾಬಜಾರವೇ; ‘ಡಾಕ್ಟರು ಬೀಗರ ಕಡೆಯವರು’ ಎಂದು ಸಂಜೆಯೊಳಗೆ ಊರೆಲ್ಲ ಆಗಿ, ನನ್ನ ಮಾತಿಗೆ ಬೆಲೆಯೇ ಇರುತ್ತಿರಲಿಲ್ಲ.

ತೂಕ ನೋಡಲೆಂದು ಸುವರ್ಣಾಳನ್ನು ಯಂತ್ರದ ಮೇಲೆ ನಿಲ್ಲಿಸಿದೆ. ಆಗ ಕಣ್ಣಿಗೆ ಬಿದ್ದದ್ದು ಅವಳ ಕಾಲುಂಗುರ. ಬೆಳ್ಳಿಗೆ ದಪ್ಪಗೆ ದಾರ ಸುತ್ತಿತ್ತು. ಸಡಿಲಾದದ್ದು ಜಾರಿ ಬೀಳದಿರಲೆಂದು ಹೆಂಗಸರು ಮಾಡಿಕೊಳ್ಳುವ ಉಪಾಯ.

“ಕಾಲುಂಗುರ ದೊಡ್ಡದು ತಂದಿದ್ರೇನ್ರಿ?” ಎಂದು ನೀಲಮ್ಮನವರನ್ನೇ ಕೇಳಿದೆ.

“ಎಲ್ಲೀ ದೊಡ್ಡದರೀ! ಮದುವ್ಯಾಗ ಬೆರಳಿಗಿ ಏರಲೇ ಇಲ್ಲ, ಎಣ್ಣಿ ಹಚ್ಚಿ ತುರುಕೀವಿ. ‘ನೀಲವ್ವ ಬೆಣ್ಣಿ ಮುದ್ದಿ ತಂದಾಳ’ ಅಂತ ನಮ್ಮ ಮಂದಿ ನಕ್ಕಿದ್ದೇ ನಕ್ಕಿದ್ದು. ಹಂದರದಾಗ ಕುಂತಲ್ಲೇ ತೂಕಡಸ್ತಿದ್ಲು…”

ಮಾತು ಅರ್ಧಕ್ಕೇ ನಿಂತಿತು. ನೀಲಮ್ಮ ಸೊಸೆಯ ಕಾಲನ್ನೇ ನೋಡತೊಡಗಿದರು.

“ಹುಟ್ಟಿದ ಪ್ರಕೃತಿ ಬದಲಾಗಂಗಿಲ್ಲರೀ ನೀಲಮ್ಮನೋರ. ಬೆಣ್ಣಿ ಮುದ್ದಿ ಹಂಚು ಆಗ್ಯಾದ ಅಂದ್ರ ಅದು ಮೈಗುಣ ಅಲ್ಲ, ರೋಗ.”

ಆಯುರ್ವೇದ ಇದನ್ನು ವಿಕೃತಿ ಎನ್ನುತ್ತದೆ. ಕೈ ಚಾಚಿಸಿದೆ, ಬೆರಳು ನಡುಗುತ್ತಿದ್ದವು. ನಾಡಿ ಓಡುತ್ತಿತ್ತು. ಸೆರಗು ಸರಿಸಿದರೆ ಕುತ್ತಿಗೆಯ ಮುಂದೆ ಸಣ್ಣ ಬಾವು. ಥೈರಾಯ್ಡ್ ಇರಬೇಕು, ಬಸಿರು ಉಳಿಯದಿರಲೂ ಅದೇ ಕಾರಣವಿರಬಹುದು ಎಂದು, ಕಲಬುರಗಿಯಲ್ಲಿ ರಕ್ತಪರೀಕ್ಷೆ ಮಾಡಿಸಿ ತಜ್ಞರಿಗೆ ತೋರಿಸಲು ಹೇಳಿದೆ.

“ರೋಗ ಅಂದ್ರ… ವಾಸಿ ಆಗ್ತದೇನ್ರಿ?” ನೀಲಮ್ಮನವರ ದನಿ ಇಳಿದಿತ್ತು.

“ಔಷಧ ಅದರೀ. ಮೈಗುಣಕ್ಕಾದ್ರ ಇಲ್ಲ.”

ಸೋಮವಾರ ಬೀಗರು ಬಂದರು. ಮಾತುಕತೆ ನಡೆಯಲಿಲ್ಲ, ಎಲ್ಲರೂ ಕೂಡಿ ಸುವರ್ಣಾಳನ್ನು ಕಲಬುರಗಿಗೆ ಕರೆದೊಯ್ದರು. ರಿಪೋರ್ಟಿನಲ್ಲಿ ಥೈರಾಯ್ಡ್ ಅತಿಯಾಗಿ ಕೆಲಸ ಮಾಡುತ್ತಿರುವುದು ಕಂಡಿತು. ತಜ್ಞರ ಚಿಕಿತ್ಸೆ ನಡೆಯಿತು.

ಚಳಿಗಾಲದಲ್ಲಿ ಅತ್ತೆ ಸೊಸೆ ಮತ್ತೆ ಬಂದರು. ಸುವರ್ಣಾ ಮೈ ತುಂಬಿಕೊಂಡಿದ್ದಳು, ಕಾಲುಂಗುರಕ್ಕೆ ಈಗ ದಾರ ಬೇಕಿರಲಿಲ್ಲ. ನನಗೆ ಎಷ್ಟು ಸಂತೋಷವಾಯಿತೆಂದರೆ ನೀಲಮ್ಮ ಬಾಯಿ ತೆಗೆಯುವವರೆಗೂ ನಗುತ್ತಲೇ ಇದ್ದೆ.

“ಈಗ ಗೊತ್ತಾತ್ ನೋಡ್ರಿ ಮೇಡಂ, ಇಕಿದು ಕಫದ ಮೈ! ಮಜ್ಜಿಗಿ ಬಂದ್, ಬಾಳಿಹಣ್ಣು ಬಂದ್.”

ಕೆಂಪು ಬಾಳೆಗೆ ಹೆಸರಾದ ಊರಲ್ಲಿ ಬಾಳೆಹಣ್ಣು ಬಂದ್! ಬೋನು ಅದೇ, ಫಲಕವಷ್ಟೇ ಬೇರೆ. ನಾನು ಸುವರ್ಣಾಳ ಕಡೆ ತಿರುಗಿ, “ನಿದ್ದಿ ಹ್ಯಾಂಗದವ್ವಾ?” ಎಂದೆ.

“ನಿದ್ದಿ ಬಕ್ಕಳರೀ, ಕುಂತಲ್ಲೇ—” ನೀಲಮ್ಮ ಶುರುಮಾಡಿದರು.

“ಅತ್ತೀ, ತಡೀರಿ. ನನ್ನ ನಿದ್ದಿ ನಾ ಹೇಳ್ತೀನಿ.” ಅವಳ ದನಿಯನ್ನು ನಾನು ಕೇಳಿದ್ದು ಅದೇ ಮೊದಲು. “ಚಲೋ ಬರ್ತದರೀ ಮೇಡಂ. ಹಸಿವೂ ಚಲೋ ಅದ. ಮತ್ತ ನನಗ ಬಾಳಿಹಣ್ಣು ಬೇಕು.”

ನೀಲಮ್ಮ ನನ್ನತ್ತ ನೋಡಿ, “ಕಫದ ಜೋಡಿ ಬಾಯೀನೂ ಬಂತ್ ನೋಡ್ರಿ,” ಎಂದು ಗೊಣಗಿದರು. ಆದರೆ ಹೋಗುವಾಗ ಬಸ್ ಸ್ಟ್ಯಾಂಡಿನ ಬಂಡಿಯೆದುರು ನಿಂತು ಅವರೇ ಹಣ್ಣು ಆರಿಸುತ್ತಿದ್ದುದನ್ನು ಕಿಟಕಿಯಿಂದ ಕಂಡೆ.

ಯಾರ ಪ್ರಕೃತಿಯನ್ನಾದರೂ ಹೇಳುವ ಮೊದಲು ಆ ಮೈ ಹಿಂದೆ ಹೇಗಿತ್ತೆಂದು ಕೇಳಬೇಕು, ಅದನ್ನು ಹೊತ್ತವರ ಬಾಯಿಂದಲೇ ಕೇಳಬೇಕು. ಅಂದಿನಿಂದ ನನ್ನ ಮೇಜಿನೆದುರು ರೋಗಿಗೆ ಮಾತ್ರ ಕುರ್ಚಿ. ಜೊತೆಗೆ ಬಂದವರ ಬೆಂಚು ಬಾಗಿಲಾಚೆ.