ಸೊಂಟ ಕದಿಯುತ್ತಿದ್ದ ಅಕ್ಕ

ನೃತ್ಯ ಸಂಯೋಜಕಿಯನ್ನು ತಂಡದ ಹುಡುಗಿಯರು ಎದುರಿಗೆ ಅಕ್ಕ ಎನ್ನುತ್ತಿದ್ದರು, ಬೆನ್ನ ಹಿಂದೆ ಕಳ್ಳಿ. ಅವಳು ಎರಡಕ್ಕೂ ಓಗೊಡುತ್ತಿದ್ದಳು. ಹರೆಯದಲ್ಲಿ ಕಲಿತ ಚಂದದ ಭಂಗಿಗಳನ್ನೆಲ್ಲ ಗಂಟುಕಟ್ಟಿ ಅಟ್ಟಕ್ಕೆ ಹಾಕಿ, ಬೀದಿಯಲ್ಲಿ ಸಿಕ್ಕಿದ್ದನ್ನೇ ರಂಗಕ್ಕೆ ತರುತ್ತಿದ್ದಳು: ದರ್ಜಿ ಹಲ್ಲಿನಲ್ಲಿ ದಾರ ಕಡಿಯುವಾಗಿನ ಕತ್ತಿನ ಕೊಂಕು, ಬಸ್ಸು ತಪ್ಪಿದವನು ಓಟವನ್ನು ನಡಿಗೆಗೆ ಇಳಿಸುವಾಗಿನ ನಾಚಿಕೆ. ಅವಳಿಗೊಬ್ಬ ಹಳೆಯ ಗೆಳತಿ; ಜೊತೆಯಲ್ಲಿ ತರಕಾರಿಗೆ ಹೋದರೆ ಆ ಗೆಳತಿಯ ಮರ್ಯಾದೆ ಉಳಿಯುತ್ತಿರಲಿಲ್ಲ. ಅಕ್ಕ ಮುಂದೆ ಹೋಗುವವರ ಬೆನ್ನು ಹಿಡಿದು ಅವರಂತೆಯೇ ನಡೆದುಬಿಡುತ್ತಿದ್ದಳು. "ಏಟು ತಿಂತೀಯ ಕಣೇ!" ಎಂದು ಗೆಳತಿ ಗದರಿದರೆ, "ಸುಮ್ನಿರೇ, ಈಗ ತಾನೇ ಸೊಂಟ ಸಿಗ್ತಾ ಇದೆ" ಎನ್ನುವಳು. ತಾಲೀಮಿನಲ್ಲಿ ಯಾರಾದರೂ ಒಯ್ಯಾರ ಮಾಡಿದರೆ ರೇಗುತ್ತಿದ್ದಳು: "ಕುಣೀಬೇಡ ನನ್ನ ತಾಯಿ, ಬಕೆಟ್ ಎತ್ತು! ತುಂಬಿದ ಬಕೆಟ್!" ಮಂಡಿನೋವಿನ ಅವಳು ಕೂರುವುದೇ ಒಂದು ಪ್ರಸಂಗ: ಗೋಡೆಗೆ ಅಂಗೈ ಊರಿ, "ಸ್ವಲ್ಪ ತಡ್ಕೊಳ್ಳಪ್ಪ ರಾಜ" ಎಂದು ಮಂಡಿಯನ್ನು ತಟ್ಟಿ, ಆಮೇಲೆ ಧೊಪ್ಪನೆ. ಹುಡುಗಿಯರು ಅದನ್ನು ಅಣಕಿಸಿದರೆ, "ನನ್ನದನ್ನೇ ಕದೀತೀರೇನ್ರೇ?" ಎಂದು ಚಪ್ಪಲಿ ಹುಡುಕುವಳು. ಕೊನೆಯ ನೃತ್ಯಕ್ಕೆ ಮುಕ್ತಾಯ ಸಿಗದೆ ಒದ್ದಾಡುತ್ತಿರುವಾಗಲೇ ತೀರಿಕೊಂಡಳು. ಅರ್ಧ ಕೆಲಸವನ್ನು ಹೇಗೆ ತೋರಿಸುವುದು ಎಂದು ಹಿರಿಯರು ಗೊಣಗಿದರೂ ಹುಡುಗಿಯರು ಪ್ರದರ್ಶನ ಬಿಡಲಿಲ್ಲ. ಗೆಳತಿ ಅಂದೂ ಎಂದಿನಂತೆ ಪಕ್ಕದ ಕುರ್ಚಿಯ ಮೇಲೆ ಚೀಲವಿಟ್ಟು ಅಕ್ಕನಿಗೆ ಜಾಗ ಹಿಡಿದು, ಆಮೇಲೆ ಪೆಚ್ಚಾಗಿ ಕೂತಿದ್ದಳು. ನೃತ್ಯದ ಕೊನೆಗೆ ಹುಡುಗಿಯರು ಸಾಲಾಗಿ ಬಂದು, ಇಲ್ಲದ ಗೋಡೆಗೆ ಅಂಗೈ ಊರಿ, ಮಂಡಿ ತಟ್ಟಿ, ಧೊಪ್ಪನೆ ಕೂತರು. ಸಭೆಯೆಲ್ಲ ನಕ್ಕಿತು. ಗೆಳತಿಯೂ ನಕ್ಕಳು, ನಗುತ್ತಲೇ, ಕೂರಲಿ ಎಂದು, ಚೀಲವನ್ನು ಎತ್ತಿ ಮಡಿಲಿಗಿಟ್ಟುಕೊಂಡಳು.